ಜಿನಾ ಚಿಕ್ಕಮ್ಮನ ಬಾಲ್ಕನಿಯ ಬಗ್ಗೆ ಮಿರೋನ್ ಬರೆದದ್ದು

ಖೆರ್ಸೊನ್‌ನ ನಮ್ಮ ಐದು ಮಹಡಿಯ ಕಟ್ಟಡದಲ್ಲಿ ಮಿರೋನ್ ಹಲುಷ್ಕೊನಷ್ಟು ಓದಿಕೊಂಡವರು ಬೇರೆ ಯಾರೂ ಇರಲಿಲ್ಲ. ಕೀವ್‌ನ ಪತ್ರಿಕೆಯೊಂದಕ್ಕೆ ಯುದ್ಧದ ವಿಶ್ಲೇಷಣೆ ಬರೆಯುವುದು ಅವನ ಕೆಲಸ. ಈಗಿನ ಯುದ್ಧ ನಡೆಯುವುದೇ ಫೋನು, ಡ್ರೋನುಗಳ ಜಾಲದಿಂದ, ಅದನ್ನು ತಡೆದುಕೊಳ್ಳಬಲ್ಲದ್ದು ನೆರೆಹೊರೆಯವರ ಜಾಲವೇ ಎಂದು ಅವನು ಬರೆಯುತ್ತಿದ್ದ. "ಫೋಟೋದಲ್ಲಿ ಒಂದು ಕಿಟಕಿ ಕಂಡ್ರೂ ಸಾಕು, ನದಿಯಾಚೆ ದಡದ ಶತ್ರುಗಳು ವಿಳಾಸ ಹುಡುಕಿಬಿಡ್ತಾರೆ" ಎಂದು ನೆಲಮಾಳಿಗೆಯಲ್ಲಿ ನಮ್ಮನ್ನೆಲ್ಲ ಕೂರಿಸಿ ಪಾಠ ಹೇಳಿದವನೂ ಅವನೇ.

ನಮಗೆಲ್ಲ ಕಿವಿಯಾಗಿದ್ದವಳು ಐದನೇ ಮಹಡಿಯ ಜಿನೈದಾ, ನಮ್ಮೆಲ್ಲರ ಜಿನಾ ಚಿಕ್ಕಮ್ಮ. ಹಡಗು ರಿಪೇರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇಂಜಿನ್ನಿನ ಸದ್ದು ಕೇಳಿಯೇ ಕೆಟ್ಟದ್ದೇನು ಎಂದು ಹೇಳುತ್ತಿದ್ದವಳು. ಈಗ ನದಿಯ ಕಡೆಯ ಬಾಲ್ಕನಿಯಲ್ಲಿ ಕೂತು, ಡ್ರೋನಿನ ಸದ್ದು ಕೇಳಿ ಫೋನಿನ ಗುಂಪಿನಲ್ಲಿ "ಬಂತು", "ಹೋಯ್ತು" ಎಂದು ಬರೆಯುತ್ತಿದ್ದಳು. ನಲವತ್ತು ಮನೆಯವರು ಅದನ್ನು ನೋಡಿಕೊಂಡೇ ರೊಟ್ಟಿ ತರಲು ಹೋಗುತ್ತಿದ್ದೆವು. ಆ ಗುಂಪನ್ನು ನೋಡಿಕೊಳ್ಳುತ್ತಿದ್ದವಳು ನಾನು.

ಮಿರೋನ್ ಅವಳ ಬಗ್ಗೆ ಒಂದು ಲೇಖನ ಬರೆದ. ಬರೆದದ್ದೆಲ್ಲ ಗಾಳಿಯಲ್ಲಿ ತೇಲುತ್ತಿದೆ, ಒಂದು ನಿಜವಾದ ಜಾಗ ತೋರಿಸು ಎಂದು ಸಂಪಾದಕ ಕೇಳಿದನಂತೆ. ಇವನು ಬಾಲ್ಕನಿಯ ಫೋಟೋ ಕಳಿಸಿದ. ಹಿಂದೆ ನೀರಿನ ಗೋಪುರ ಕಾಣುತ್ತಿತ್ತು. ಲೇಖನವನ್ನು ಎಲ್ಲರೂ ಹೊಗಳಿದರು.

ಲೇಖನ ಬಂದ ಹತ್ತೊಂಬತ್ತನೇ ದಿನ, ಬೆಳಗಿನ ಹತ್ತು ಗಂಟೆಗೆ, ಡ್ರೋನು ನೇರವಾಗಿ ಆ ಬಾಲ್ಕನಿಗೇ ಬಂದು ಬಿತ್ತು. ಒಲೆ ಆರಿಸಲು ಒಳಗೆ ಹೋಗಿದ್ದ ಜಿನಾ ಚಿಕ್ಕಮ್ಮ ಬದುಕಿದಳು. ಎರಡು ಕಿವಿಯೂ ಹೋದವು.

ಮಿರೋನ್ ಮಧ್ಯಾಹ್ನದೊಳಗೆ ಪತ್ರಿಕೆಯ ಜಾಲತಾಣದಿಂದ ಆ ಫೋಟೋ ತೆಗೆಸಿಹಾಕಿದ. ಯಾರಿಗೂ ಹೇಳಲಿಲ್ಲ. ನಮ್ಮ ಬೀದಿಗೆ ದಿನಾ ಏನಾದರೊಂದು ಬೀಳುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. "ಇದನ್ನೂ ಬರೀಪ್ಪಾ ಮಿರೋನ್, ಜಗತ್ತಿಗೆ ಗೊತ್ತಾಗ್ಲಿ" ಎಂದು ಆಂಬುಲೆನ್ಸ್ ಓಡಿಸುವ ಅರ್ಕಾಡಿ ಅವನ ಬೆನ್ನು ತಟ್ಟಿದಾಗ, ಪೆಟ್ಟು ಬಿದ್ದವನಂತೆ ಕುಗ್ಗಿದ್ದನ್ನು ನಾನೇ ಕಂಡೆ. ಆಮೇಲೆ ಅವನು ಎದುರಿಗೆ ಯಾರಾದರೂ ಬಂದರೆ ಮೆಟ್ಟಿಲು ಇಳಿಯುವುದನ್ನೇ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದ.

ಆಸ್ಪತ್ರೆಯಿಂದ ಬಂದ ಚಿಕ್ಕಮ್ಮ ನನ್ನ ಪಕ್ಕದ ಖಾಲಿ ಮನೆಯಲ್ಲಿ ಇಳಿದುಕೊಂಡಳು. ಮೂರು ವಾರದ ಮೇಲೆ ಮಿರೋನ್ ಎರಡು ಹಾಳೆ ಬರೆದು ತಂದು ಅವಳ ಕೈಗೆ ಕೊಟ್ಟ. ಕಿವುಡಾದ ಮೇಲೆ ಅವಳಿಗೆ ತನ್ನ ದನಿಯ ಅಳತೆ ತಪ್ಪಿತ್ತು. ಇಡೀ ಮೆಟ್ಟಿಲಿಗೆ ಕೇಳುವಂತೆ ಕೂಗಿದಳು:

"ಇದೇನೋ ಇದು? ಸಾಧ್ಯತೆ, ಸಂಬಂಧ, ಮಾಹಿತಿ ಸೋರಿಕೆ... ನಂಗೆ ಹೋಗಿರೋದು ಕಿವಿ, ಬುದ್ಧಿ ಅಲ್ಲ. ಯಾರು ಮಾಡಿದ್ದು ಅಂತ ಬರಿ!"

ಅವನು ಹಾಳೆಯ ಹಿಂದೆ ಬರೆದುಕೊಟ್ಟಿರಬೇಕು. ಮತ್ತೆ ಅವಳೇ, ಒಂದೊಂದೇ ಪದ ಓದಿದಳು:

"ನಾನು. ನಿಮ್ಮ ಬಾಲ್ಕನಿ ಫೋಟೋ. ನಾನೇ ಹಾಕಿದ್ದು."

ಪಕ್ಕದ ನನ್ನ ಅಡುಗೆಮನೆಯಲ್ಲಿ ಸುಲಿಯುತ್ತಿದ್ದ ಆಲೂಗಡ್ಡೆಯನ್ನು ನಾನು ಕೆಳಗಿಟ್ಟೆ. ಮೇಲೂ ಕೆಳಗೂ ಬಾಗಿಲುಗಳು ತೆರೆದುಕೊಂಡವು.

"ಫೋಟೋ ಹಾಕ್ಬೇಡಿ ಅಂತ ನಮಗೆ ಪಾಠ ಹೇಳಿದ್ದೂ ನೀನೇ ಅಲ್ವೇನೋ?" ಎಂದಳು. ಅಳುತ್ತಿದ್ದಳೋ, ಬೈಯುತ್ತಿದ್ದಳೋ ತಿಳಿಯಲಿಲ್ಲ. ಮಿರೋನ್ ಹೊರಗೆ ಬಂದಾಗ ಮೆಟ್ಟಿಲ ಮೇಲೆಲ್ಲ ಜನ. ಯಾರೂ ದಾರಿ ಬಿಡಲಿಲ್ಲ, ಯಾರೂ ಮುಟ್ಟಲೂ ಇಲ್ಲ. ತಲೆ ತಗ್ಗಿಸಿ ನಮ್ಮ ನಡುವೆಯೇ ನುಸುಳಿಕೊಂಡು ಹೋದ.

"ಇವನನ್ನ ಗುಂಪಿಂದ ತೆಗೀರಿ" ಎಂದ ಅರ್ಕಾಡಿ. ನಾನು ತೆಗೆದೆ. ಚಿಕ್ಕಮ್ಮನ ಕಿವಿ ಹೋದ ಮೇಲೂ ಅಲ್ಲಿ ನಾವು ಸರದಿಯಂತೆ ಆಕಾಶಕ್ಕೆ ಕಿವಿಗೊಟ್ಟು ಬರೆಯುತ್ತಿದ್ದೆವು. ಆ ಗುಂಪಿಲ್ಲದೆ ನಮ್ಮೂರಲ್ಲಿ ಬೀದಿಗಿಳಿಯುವುದೆಂದರೆ ಕಣ್ಣು ಕಟ್ಟಿಕೊಂಡು ಇಳಿದ ಹಾಗೆ. ಅದು ಗೊತ್ತಿದ್ದೇ ತೆಗೆದೆ. ಎರಡು ದಿನ ಅವನು ಯಾವ ಎಚ್ಚರಿಕೆಯೂ ಸಿಗದೆ ಗೋಡೆಯ ಪಕ್ಕದಲ್ಲೇ ಓಡುತ್ತ ನೀರು ತರಲು ಹೋಗುವುದನ್ನು ಕಿಟಕಿಯಿಂದ ನೋಡುತ್ತ ನಿಂತಿದ್ದೆ.

ಮೂರನೇ ದಿನ ಚಿಕ್ಕಮ್ಮ ನನ್ನ ಬಾಗಿಲು ಬಡಿದಳು. "ನನ್ನ ಕೇಳ್ದೆ ಅವನನ್ನ ಯಾಕೆ ತೆಗೆದೆ? ಕ್ಷಮಿಸಿದೀನಿ ಅಂತ ಯಾರಿಗೂ ಹೇಳಿಲ್ಲ ನಾನು. ಆದ್ರೆ ಅವನು ರೊಟ್ಟಿಗೆ ಹೋಗ್ಬೇಡ್ವಾ?"

ನನ್ನ ಮುಖ ಕಾದ ಹಂಚಿನಂತಾಯಿತು. ಅವಳೆದುರಿಗೇ ಅವನನ್ನು ಮತ್ತೆ ಸೇರಿಸಿದೆ.

ಮಿರೋನ್ ತನ್ನ ಹೆಸರು ಹಾಕಿಯೇ ಪತ್ರಿಕೆಯಲ್ಲಿ ತಪ್ಪೊಪ್ಪಿಕೊಂಡ. ಕೆಲಸ ಬಿಟ್ಟ. ಈಗ ಮೆಟ್ಟಿಲ ಮೇಲ್ತುದಿಯ ಸಣ್ಣ ಕಿಂಡಿಯ ಬಳಿ ಕೂತು ಆಕಾಶಕ್ಕೆ ಕಿವಿಗೊಡುವವನು ಅವನೇ. ಯಾವ ಡ್ರೋನಿನ ಸದ್ದು ಹೇಗೆ ಎಂದು ಚಿಕ್ಕಮ್ಮ ಬಾಯಲ್ಲಿ ಗುಂಯ್‌ಗುಟ್ಟಿ ಕಲಿಸುತ್ತಾಳೆ. ತನ್ನ ಸದ್ದು ಸರಿಯಾಗಿ ಬಂತಾ ಎಂದು ಅವನನ್ನೇ ಕೇಳುತ್ತಾಳೆ. ಅವನು ನೆಲ ನೋಡುತ್ತ ತಲೆಯಾಡಿಸುತ್ತಾನೆ.