ಮುನಿತಾಯಮ್ಮನ ಹೊಲಿಗೆ ಬಿಚ್ಚಿದ ದಿನ

ಹೆಗ್ಗನಹಳ್ಳಿಯ ಮುನಿತಾಯಮ್ಮನ ಹತ್ತಿರ ಟೈಲರಿಂಗ್ ಕಲಿತ ಹೆಂಗಸರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಹುಡುಗಿಯ ಮುಖ ನೋಡುತ್ತಿದ್ದರೆ ಇವರು ರವಿಕೆಯ ಕಂಕುಳು ನೋಡುತ್ತಿರುತ್ತಾರೆ. ಪಾಪ, ಅವರ ತಪ್ಪಲ್ಲ. ಇಪ್ಪತ್ತೆರಡು ವರ್ಷದಿಂದ ಆ ಮಹಾತಾಯಿ ಶಿಷ್ಯರು ಹೊಲಿದದ್ದನ್ನು ಒಳಮಗ್ಗುಲು ತಿರುಗಿಸಿ, ಹೆಬ್ಬೆರಳಿನಲ್ಲಿ ಸವರಿ, ಅರ್ಧ ಬ್ಲೇಡು ತೆಗೆದು ಸರಸರನೆ ಬಿಚ್ಚಿ ಕೈಗೆ ಕೊಡುತ್ತಿದ್ದಳು. "ಇನ್ನೊಂದ್ ಸಲ ಹೊಲಿ" ಅನ್ನುವುದು ಅವಳ ಆಶೀರ್ವಾದ. "ಚೆನ್ನಾಗಿದೆ" ಅನ್ನುವ ಮಾತು ಆ ಬಾಯಿಂದ ಬಿದ್ದದ್ದನ್ನು ಕೇಳಿದವರು ಇಡೀ ಬೀದಿಯಲ್ಲಿ ಯಾರೂ ಇರಲಿಲ್ಲ.

ಅವಳೂ ಸುಮ್ಮನೆ ಹಾಗೆ ಆದವಳಲ್ಲ. ಮದುವೆಯಾಗಿ ಬಂದಾಗ ಗಂಡ ಬೈರಪ್ಪನ ಮನೆಯ ಮುಂದೆ ರಾಗಿ ಹೊಲವಿತ್ತು. ಹೊಲವೆಲ್ಲ ಸೈಟಾಗಿ, ಸೈಟು ಬೀದಿಯಾದ ಮೇಲೆ ಗಾರ್ಮೆಂಟ್ಸ್ ಸೇರಿ ಎಂಟು ವರ್ಷ ಬರೀ ಕಾಲರ್ ಹೊಲಿದಳು. ದಿನಕ್ಕೆ ನೂರಾರು ಕಾಲರ್, ಒಂದು ಅಂಗಿಯೂ ಪೂರ್ತಿ ಅವಳದ್ದಲ್ಲ. ಒಂದು ದಿನ ಆ ಕೆಲಸಕ್ಕೆ ಕೈಮುಗಿದು, ಹಳೆಯದೊಂದು ಕಾಲು ಮೆಷಿನ್ ತಂದು ಮನೆಯ ಮುಂದಿನ ಕೋಣೆಯಲ್ಲಿ ಕೂತಳು. ಮೊದಲ ಸಲ ಒಂದು ಇಡೀ ರವಿಕೆ ಹೊಲಿದ ದಿನ ಅದನ್ನು ಗಿರಾಕಿಗೆ ಕೊಡಲು ಮನಸ್ಸೇ ಬರಲಿಲ್ಲವಂತೆ. ಅಂಗಡಿ ಶುರುವಾದಾಗ ರಸ್ತೆಯ ಮಟ್ಟಕ್ಕೇ ಇತ್ತು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಈಗ ಅಂಗಡಿಗೆ ಮೂರು ಮೆಟ್ಟಿಲು ಕೆಳಗಿಳಿಯಬೇಕು.

ಅವಳ ಅಂಗಡಿಗೆ ಒಂದು ಕಟ್ಟಳೆಯಿತ್ತು. ಬೇರೆ ಬಟ್ಟೆಗಳೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹೋಗುತ್ತಿದ್ದವು. ಧಾರೆ ರವಿಕೆ ಮಾತ್ರ ಹಾಗಲ್ಲ. ಕೊನೆಯ ಹುಕ್ಕು ಹಾಕಿದ ಮೇಲೆ ಅದಕ್ಕೆ ಅರಿಶಿನ ಕುಂಕುಮ ಮುಟ್ಟಿಸಿ, ಮನೆದೇವರ ಪಟದ ಮುಂದೆ ನೆಲದ ಮೇಲೆ ಮಣೆ ಹಾಕಿ ಅದರ ಮೇಲಿಡುತ್ತಿದ್ದಳು. ಮಂಗಳವಾರ, ಶನಿವಾರ ಅದು ಹೊಸ್ತಿಲು ದಾಟುವ ಹಾಗಿಲ್ಲ. ಮಂತ್ರಿ ಮಗಳದ್ದಾದರೂ ಸರಿಯೇ.

ಆ ಶನಿವಾರ ಬೆಳಗ್ಗೆ ಮುರುಡೇಶ್ವರಕ್ಕೆ ಹೊರಟು ನಿಂತಾಗಲೇ ಎದುರು ಸಾಲಿನ ಬಿಂದುಶ್ರೀಯ ತಾಯಿ ಬಂದಳು. ಬುಧವಾರ ಮಗಳ ಮದುವೆ. ರವಿಕೆ ಸಿದ್ಧವಾಗಿತ್ತು. ಕೆನೆ ಬಣ್ಣದ ರೇಷ್ಮೆ, ಕತ್ತಿಗೂ ತೋಳಿಗೂ ಕೆಂಪು ಪೈಪಿಂಗ್ ಅಂಚು.

"ಹೇಗೂ ರೆಡಿ ಇದೆಯಲ್ಲಕ್ಕ, ಕೊಟ್ಟುಬಿಡಿ."

"ಶನಿವಾರ ಕೊಡಲ್ಲ. ಸೋಮವಾರ ಬಂದು ನಾನೇ ಮನೆಗೆ ತಂದ್ಕೊಡ್ತೀನಿ."

"ಬೀಗದ ಕೈ ಆದ್ರೂ ರಾಗಿಣಿ ಹತ್ರ ಕೊಟ್ಟು ಹೋಗಿ."

ರಾಗಿಣಿ ಮೇಲಿನ ಮಹಡಿಯವಳು. ಮುನಿತಾಯಮ್ಮನ ಹತ್ತಿರ ಆರು ವರ್ಷ ಕಲಿತವಳು, ಎಲ್ಲರಿಗಿಂತ ಹೆಚ್ಚು ಹೊಲಿಗೆ ಬಿಚ್ಚಿಸಿಕೊಂಡವಳೂ ಅವಳೇ. "ಗಿರಾಕಿ ಬಟ್ಟೆ ನನ್ನ ಜವಾಬ್ದಾರಿ" ಎಂದು ಮುನಿತಾಯಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಗಂಡ, ಹೆಂಡತಿ, ಮಗಳು ಕವನಾ ಮೂವರೂ ಒಟ್ಟಿಗೆ ಪ್ರವಾಸ ಹೊರಟಿದ್ದು ಅದೇ ಮೊದಲು. ಕವನಾ ಆರು ತಿಂಗಳು ಕಾಡಿಸಿ ಒಪ್ಪಿಸಿದ್ದಳು. ಭಾನುವಾರ ಬೆಳಗ್ಗೆ ಮುನಿತಾಯಮ್ಮ ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ಅಲೆಯಲ್ಲಿ ನಿಂತು, ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಮೇಲೆ ಸುಡುವ ಬಿಸಿಲು. ಅಷ್ಟರಲ್ಲಿ ಕವನಾ ಮೊಬೈಲ್ ಹಿಡಿದುಕೊಂಡು ಬಂದಳು. ಬಂಗಾಳ ಕೊಲ್ಲಿಯ ಚಂಡಮಾರುತ ತಮಿಳುನಾಡು ದಾಟಿ ಬೆಂಗಳೂರಿಗೆ ಬಂದಿದೆ, ಬೆಳಗಿನ ಜಾವದಿಂದ ಹುಯ್ಯುತ್ತಿದೆ. ಸಮುದ್ರದಲ್ಲಿ ನಿಂತವಳಿಗೆ ಬಿಸಿಲು, ಐನೂರು ಕಿಲೋಮೀಟರ್ ಆಚೆಯ ಹೆಗ್ಗನಹಳ್ಳಿಗೆ ಚಂಡಮಾರುತ! ಇದೆಲ್ಲಿಯ ನ್ಯಾಯ?

ರಾಗಿಣಿಯ ಫೋನು ಬಂದಾಗ ಮುನಿತಾಯಮ್ಮನಿಗೆ ಮೊದಲು ನೆನಪಾದದ್ದು ಮನೆಯಲ್ಲ, ಮಣೆ.

"ಅಕ್ಕ, ರಸ್ತೆ ನೀರೆಲ್ಲ ಅಂಗಡಿಗೆ ನುಗ್ತಾ ಇದೆ. ಎರಡು ಮೆಟ್ಲು ಮುಳುಗಿದೆ. ಬೀಗದ ಕೈ ಎಲ್ಲಿಟ್ಟಿದೀರಾ?"

ಬೀಗದ ಕೈ ಅವಳ ಸೊಂಟದಲ್ಲಿತ್ತು, ಸಮುದ್ರದ ಉಪ್ಪು ಗಾಳಿ ಕುಡಿಯುತ್ತಿತ್ತು. ತನ್ನ ಹಟಕ್ಕೆ ತಾನೇ ಶಾಪ ಹಾಕಿಕೊಂಡಳು. "ಬೀಗ ಒಡಿ" ಅಂದಳು.

ನಾಲ್ಕು ಮನೆಯ ಹೆಂಗಸರು ಕಲ್ಲು ತಂದು ಬೀಗ ಜಜ್ಜಿದರು. ಎಲ್ಲರೂ ಅವಳ ಶಿಷ್ಯರೇ. ಫೋನಿನಲ್ಲಿ ಶಟರ್ ಎದ್ದ ಸದ್ದು ಕೇಳಿತು, ಆಮೇಲೆ ನೀರಿನಲ್ಲಿ ಕಾಲಾಡಿಸುವ ಸದ್ದು.

"ಅಟ್ಟದ್ದು ಬಿಡು, ಏನಾಗಲ್ಲ. ದೇವರ ಪಟದ ಮುಂದೆ ನೋಡು."

"ಮಣೆ ತೇಲ್ತಾ ಇದೆ ಅಕ್ಕ. ಅದರ ಮೇಲೆ ಏನೂ ಇಲ್ಲ."

ಮುನಿತಾಯಮ್ಮ ನೀರಿನಿಂದ ಮೇಲೆ ಬಂದು ಮರಳಿನ ಮೇಲೆ ಕೂತಳು. ಬೈರಪ್ಪ ಛತ್ರಿಯ ನೆರಳು ಅವಳ ಮೇಲೆ ಹಿಡಿದು ನಿಂತ. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಯಾವಾಗ ಮಾತಾಡಬಾರದು ಎಂದು ಗೊತ್ತಿತ್ತು.

ರವಿಕೆ ಮೆಷಿನ್ನಿನ ಪೆಡಲ್ಲಿಗೆ ಸಿಕ್ಕಿಕೊಂಡಿತ್ತು. ರಾಗಿಣಿ ಅದನ್ನು ಮೇಲಕ್ಕೆ ಕೊಂಡೊಯ್ದು, ವಿಡಿಯೋ ಕಾಲ್ ಮಾಡಿ ತೋರಿಸಿದಳು. ಕೆಸರು ತೊಳೆದರೆ ಹೋಗುವಂಥದ್ದು. ಮುನಿತಾಯಮ್ಮನ ಕಣ್ಣು ಬಿದ್ದದ್ದು ಕತ್ತಿನ ಮೇಲೆ. ಕೆಂಪು ಪೈಪಿಂಗ್ ಬಣ್ಣ ಬಿಡತೊಡಗಿತ್ತು. ಅಂಚಿನ ಕೆನೆ ರೇಷ್ಮೆಗೆ ನಸುಗೆಂಪು ಆಗಲೇ ಹತ್ತಿತ್ತು. ಒಣಗಲು ಬಿಟ್ಟರೆ ಅದು ಜನ್ಮದಲ್ಲಿ ಹೋಗುವುದಿಲ್ಲ. ಸೀರೆಯಲ್ಲಿ ಬಂದ ರವಿಕೆ ಬಟ್ಟೆ ಅದೊಂದೇ. ಬೇರೆ ಹೊಲಿಯೋಣವೆಂದರೆ ಎಲ್ಲಿಂದ ತರುವುದು?

"ಪೈಪಿಂಗ್ ಬಿಚ್ಚು. ಈಗಲೇ, ಒದ್ದೆ ಇರುವಾಗಲೇ. ಬಿಚ್ಚಿ, ನೀರು ತಿಳಿಯಾಗೋ ತನಕ ಜಾಲಾಡಿಸು."

ರಾಗಿಣಿ ಅಲುಗಾಡಲಿಲ್ಲ. "ಅಕ್ಕ, ಇದು ನಿಮ್ಮ ಹೊಲಿಗೆ."

"ಹೌದು."

"ನಿಮ್ಮ ಹೊಲಿಗೇನ ನಾನು ಬಿಚ್ಚೋದಾ?"

"ನಿನ್ನದು ನಾನೆಷ್ಟು ಸಲ ಬಿಚ್ಚಿಲ್ಲ? ಬ್ಲೇಡ್ ತಗೋ ಕಣೇ."

ರಾಗಿಣಿ ಬ್ಲೇಡು ತೆಗೆದುಕೊಂಡಳು. ಸಮುದ್ರಕ್ಕೆ ಬೆನ್ನು ಹಾಕಿ ಕೂತ ಮುನಿತಾಯಮ್ಮ, ಫೋನಿನ ಚಿಕ್ಕ ಪರದೆಯಲ್ಲಿ ತನ್ನ ಹೊಲಿಗೆ ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ನೋಡಿದಳು. ಇವಳು ರೇಷ್ಮೆಗೆ ಬ್ಲೇಡು ತಾಕಿಸಿಬಿಟ್ಟರೆ ಎಂದು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಆದರೆ ರಾಗಿಣಿ ಎರಡು ಹೊಲಿಗೆ ಬಿಟ್ಟು ಮೂರನೆಯದನ್ನು ಕೊಯ್ಯುತ್ತಿದ್ದಳು, ಆಮೇಲೆ ದಾರವನ್ನು ಹಿಂದಿನಿಂದ ಎಳೆಯುತ್ತಿದ್ದಳು. ಬಟ್ಟೆಗೆ ನೋವಾಗದಂತೆ ಬಿಚ್ಚುವ ಆ ರೀತಿ ಮುನಿತಾಯಮ್ಮನದ್ದೇ. ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಈ ಹುಡುಗಿ ಆರು ವರ್ಷ ಬೈಗುಳ ತಿನ್ನುತ್ತಾ ಕೈಯನ್ನೇ ನೋಡುತ್ತಿದ್ದಳು ಅನ್ನಿ! ಅಷ್ಟರಲ್ಲಿ ಬೀದಿಯ ಕರೆಂಟು ಹೋಗಿ, ಕರೆಯೂ ಕಡಿದುಹೋಯಿತು.

ಸೋಮವಾರವೆಲ್ಲ ಫೋನು ಸಿಗಲಿಲ್ಲ. ಮಳೆ ಪಡುವಣಕ್ಕೆ ಸರಿದು ಘಾಟಿಯ ರಸ್ತೆಗೆ ಮರ ಉರುಳಿಸಿ ಬಸ್ಸು ನಿಲ್ಲಿಸಿತ್ತು. ಬಸ್ಸು ಊರು ಸೇರಿದ್ದು ಮಂಗಳವಾರ ಮಧ್ಯಾಹ್ನ. ದಾರಿಯುದ್ದಕ್ಕೂ ಮುನಿತಾಯಮ್ಮ ಒಂದು ತುತ್ತು ತಿನ್ನಲಿಲ್ಲ. ನಾಳೆ ಬೆಳಗ್ಗೆ ಧಾರೆ.

ಬೀದಿಯಲ್ಲಿ ನೀರು ಇಳಿದಿತ್ತು. ಅಂಗಡಿಯ ನೆಲ ತೊಳೆದು ಯಾರೋ ರಂಗೋಲಿಯನ್ನೂ ಹಾಕಿದ್ದರು. ಕಾಲು ಮೆಷಿನ್ ಮಹಡಿಯ ರಾಗಿಣಿಯ ಮನೆಗೆ ಹೋಗಿತ್ತು. ಕರೆಂಟಿಲ್ಲದ್ದರಿಂದ ಅವಳ ಮೋಟಾರು ಮೆಷಿನ್ ಓಡಿರಲಿಲ್ಲ. ನಾಲ್ವರು ಸೇರಿ ಇದನ್ನೇ ಹೊತ್ತೊಯ್ದು, ಹೊಸ ಪೈಪಿಂಗನ್ನು ಮೊದಲು ಉಪ್ಪು ನೀರಿನಲ್ಲಿ ನೆನೆಸಿ ಬಣ್ಣ ಪರೀಕ್ಷಿಸಿ, ಆಮೇಲೆ ಹೊಲಿದಿದ್ದರು. ಮೂಲೆಯ ಇಸ್ತ್ರಿಯವನ ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿಯೂ ಆಗಿತ್ತು. ರವಿಕೆ ಮಣೆಯ ಮೇಲಿತ್ತು. ಮಣೆ ಈ ಸಲ ಸ್ಟೂಲಿನ ಮೇಲಿತ್ತು.

ಬಿಂದುಶ್ರೀಯ ತಾಯಿ ಮೂರನೇ ಮೆಟ್ಟಿಲ ಮೇಲೆ ಮುದುಡಿ ನಿಂತಿದ್ದಳು. "ಮಂಗಳವಾರ ಅಂತ ಗೊತ್ತಕ್ಕ. ಆದ್ರೂ ನೋಡ್ಕೊಂಡು ಹೋಗೋಣ ಅಂತ ಬಂದೆ."

ಮುನಿತಾಯಮ್ಮ ಕಾಲು ತೊಳೆದು ಬಂದು ರವಿಕೆ ಎತ್ತಿಕೊಂಡಳು. ಬಾಗಿಲಿನ ಬೆಳಕಿಗೆ ಹಿಡಿದಳು. ನಸುಗೆಂಪಿನ ಗುರುತೇ ಇರಲಿಲ್ಲ. ಒಳಮಗ್ಗುಲು ತಿರುಗಿಸಿ ಕತ್ತಿನ ಸುತ್ತ ಹೆಬ್ಬೆರಳು ಸವರಿದಳು, ತೋಳಿನ ಸುತ್ತ ಸವರಿದಳು. ಅಭ್ಯಾಸಬಲ, ಇನ್ನೊಂದು ಕೈ ಬ್ಲೇಡು ತೆಗೆದುಕೊಂಡಿತ್ತು. ರಾಗಿಣಿಯ ಮುಖ ಬಿಳಿಚಿತು. ಹೆಬ್ಬೆರಳು ಮತ್ತೆ ಕತ್ತಿಗೆ ಬಂತು. ಎಲ್ಲಿ ತನ್ನ ಹೊಲಿಗೆ ಮುಗಿದು ಎಲ್ಲಿ ರಾಗಿಣಿಯದ್ದು ಶುರುವಾಯಿತೆಂದು ಮುನಿತಾಯಮ್ಮನಿಗೇ ತಿಳಿಯಲಿಲ್ಲ. ತಾನು ಹೊಲಿದ ಮೊದಲ ರವಿಕೆ ನೋಡಿದಾಗಲೂ ಅವಳ ಎದೆ ಹೀಗೆ ಉಬ್ಬಿರಲಿಲ್ಲ.

"ಬಿಚ್ಚಬೇಕಾ ಅಕ್ಕ?" ರಾಗಿಣಿ ಮೆಲ್ಲಗೆ ಕೇಳಿದಳು.

ಮುನಿತಾಯಮ್ಮ ಬ್ಲೇಡನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ರವಿಕೆಯನ್ನು ಮಡಿಸಿ ರಾಗಿಣಿಯ ಕೈಯಲ್ಲಿಟ್ಟು, ಮೆಟ್ಟಿಲ ಮೇಲಿದ್ದವಳ ಕಡೆ ತಿರುಗಿದಳು.

"ಮಂಗಳವಾರ ಕೊಡಬಾರದು ಅನ್ನೋದು ನಾನು ಹೊಲಿದ ರವಿಕೆಗೆ. ಇದನ್ನ ಹೊಲಿದೋಳು ರಾಗಿಣಿ. ಅವಳನ್ನ ಕೇಳಿ ಈಸ್ಕೊಳ್ಳಿ."