ಒಬ್ಬರೇ ಉಣ್ಣುತ್ತಿದ್ದ ಟೀಚರಮ್ಮ

ಸುಮಾ, ಗಿರೀಶಾ, ಐವತ್ತರ ದಶಕದ ಕೊನೆಯಲ್ಲಿ ನಮ್ಮ ಅಂಜನಾಪುರದ ಶಾಲೆಗೆ ದೂರದೇಶದ ಟೀಚರಮ್ಮ ಒಬ್ಬರು ಸಂಬಳವಿಲ್ಲದೆ ಕಲಿಸಲು ಬಂದಿದ್ದರು. ಯಾರ ಮನೆಗೆ ಕರೆದರೂ ಅವರೊಬ್ಬರಿಗೇ ಮಣೆ ಹಾಕಿ ಬಡಿಸಿ, ಮನೆಯವರೆಲ್ಲ ಗೌರವದಿಂದ ಸುತ್ತ ನಿಲ್ಲುತ್ತಿದ್ದರು.

"ನೀವೂ ಕೂತ್ಕೊಳ್ರೀ" ಎಂದು ಅವರು ಪಕ್ಕದ ನೆಲ ತಟ್ಟುತ್ತಿದ್ದರು.

"ನಿಮ್ದಾಗ್ಲಿ ಮೊದ್ಲು" ಎನ್ನುತ್ತಿದ್ದಳು ನಮ್ಮವ್ವ. ಅವರು ತಲೆ ತಗ್ಗಿಸಿ, ಬೇಗ ಉಂಡು ಎದ್ದುಬಿಡುತ್ತಿದ್ದರು.

ಒಮ್ಮೆ ಅವ್ವನೂ ನಾಟಿಯ ಹೆಂಗಸರೂ ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ, ಟೀಚರಮ್ಮ ಬಂದು ನಡುವೆ ಕೂತು ಕೈಯೊಡ್ಡಿದರು.

"ಅಯ್ಯೋ, ಸೀರೆ ಕೆಸರಾಗ್ತೈತ್ರೀ!" ಅವ್ವ ಗಾಬರಿಯಾದಳು.

"ಸೀರೆ ಹಾಳಾಗ್ಲಿ, ಹುಡ್ಗಿ ಹಸ್ದಾಳೆ, ಕೊಡೇ" ಎಂದು ಪಕ್ಕದ ಮನೆಯ ಅಜ್ಜಿ ನಕ್ಕು, ತನ್ನ ರೊಟ್ಟಿಯನ್ನೇ ಮುರಿದುಕೊಟ್ಟಳು.

ಆ ಅರ್ಧ ರೊಟ್ಟಿಯನ್ನು ಟೀಚರಮ್ಮ ಬಹಳ ಹೊತ್ತು ತಿಂದರು. ಕೆಲಸ ಕಾಯುತ್ತಿದ್ದರೂ ಯಾರೂ ಮೊದಲು ಏಳಲಿಲ್ಲ.

ಅವರ ಫೋಟೋ ಯಾರಲ್ಲೂ ಇಲ್ಲ, ಮಕ್ಕಳೇ. ನಾನು ಇದನ್ನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ.