ಜೆರಾಕ್ಸ್ ಎಂದು ಬರೆಯಬೇಕಿತ್ತು

ಜೆ.ಪಿ. ನಗರದ ನಮ್ಮ ಮೆಡಿಕಲ್ ಸ್ಟೋರ್ ಮುಚ್ಚಿದ ಮೇಲೆ ನಾನು ಔಷಧ ವ್ಯಾಪಾರಿಗಳ ಸಂಘವೊಂದರ ಕಚೇರಿಗೆ ಸೇರಿಕೊಂಡೆ. ಅಲ್ಲಿಯವರೆಗೆ ಹದಿನೆಂಟು ವರ್ಷ ಕೌಂಟರಿನ ಹಿಂದೆ ಫಾರ್ಮಸಿಸ್ಟ್ ಆಗಿ ನಿಂತವಳು. ಮಂಡಿಗಳು ಇನ್ನು ಸಾಕು ಎಂದವು. ಸಂಘದ ಕಚೇರಿ ಜಯನಗರದಲ್ಲಿ, ಇಸ್ತ್ರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕೂತು ಮಾಡುವ ಕೆಲಸ ಎನ್ನುವುದೊಂದೇ ನನ್ನನ್ನು ಅಲ್ಲಿಗೆ ಸೆಳೆದದ್ದು.

ಔಷಧ ನಿಯಂತ್ರಣ ಇಲಾಖೆಯಿಂದ ಬರುವ ಆದೇಶಗಳನ್ನು ಓದಿ, ಅಂಗಡಿಯವರು ಏನು ಮಾಡಬೇಕು ಎಂಬುದನ್ನು ನಾಲ್ಕೈದು ಸಾಲು ಕನ್ನಡದಲ್ಲಿ ಬರೆದು ಸದಸ್ಯರ ವಾಟ್ಸಾಪ್ ಗುಂಪಿಗೆ ಹಾಕಬೇಕು. ಅಷ್ಟೇ ಕೆಲಸ. ಆದರೆ ಅದು ಮುಗಿಯುವುದೇ ಇಲ್ಲ. ಇವತ್ತು ಯಾವುದೋ ಸಿರಪ್ಪಿನ ಒಂದು ಬ್ಯಾಚ್ ಮಾರಬೇಡಿ ಎಂದು ಬರುತ್ತದೆ. ಅದನ್ನು ಬರೆದು ಮುಗಿಸುವಷ್ಟರಲ್ಲಿ ಫ್ರಿಜ್ಜಿನ ಉಷ್ಣಾಂಶ ಬರೆದಿಡುವ ಪುಸ್ತಕದ ಬಗ್ಗೆ ಇನ್ನೊಂದು. ಹಳೆಯ ಆದೇಶಕ್ಕೆ ತಿದ್ದುಪಡಿ, ಆ ತಿದ್ದುಪಡಿಗೆ ಸ್ಪಷ್ಟೀಕರಣ. ಗುಂಪಿನಲ್ಲಿ ನನ್ನ ಬರಹದ ಕೆಳಗೆ ಒಂದೆರಡು ಹೆಬ್ಬೆರಳುಗಳು ಮೂಡುತ್ತವೆ, ಅದರ ಮೇಲೆ ಯಾರೋ ಶುಭೋದಯದ ಗುಲಾಬಿ ಹಾಕುತ್ತಾರೆ. ಯಾರೂ ಓದುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಾಗೆ ಹೇಳಿಕೊಂಡಾಗ ಕೈ ಸ್ವಲ್ಪ ಸಡಿಲವಾಗುತ್ತದೆ.

ಅಂಥದ್ದೊಂದು ಶುಕ್ರವಾರ ಸಂಜೆ ಬಂದ ಸುತ್ತೋಲೆ, ಕೆಲವು ಮಾತ್ರೆಗಳನ್ನು ಮಾರುವ ರೀತಿಯ ಬಗ್ಗೆ. ನಿದ್ದೆಯವು, ನರಗಳಿಗೆ ಸಂಬಂಧಿಸಿದವು ಇತ್ಯಾದಿ. ಅದರಲ್ಲಿ ಹೊಸದೇನೂ ಇರಲಿಲ್ಲ. ಕೊಂಡವರ ಹೆಸರು, ವೈದ್ಯರ ಹೆಸರು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ, ಚೀಟಿಯ ಒಂದು ಪ್ರತಿ ಅಂಗಡಿಯಲ್ಲಿ ಇಟ್ಟುಕೊಳ್ಳಿ ಎಂಬ ಮಾತು. ನಾನು ಬರೆದದ್ದು: ‘ವೈದ್ಯರ ಚೀಟಿಯನ್ನು ಅಂಗಡಿಯಲ್ಲೇ ಇಟ್ಟುಕೊಳ್ಳುವುದು ಕಡ್ಡಾಯ.’ ‘ಪ್ರತಿ’ ಎಂಬ ಪದ ಬಿಟ್ಟುಹೋಗಿತ್ತು. ಎರಡನೇ ಸಲ ಓದದೆ ಕಳಿಸಿ, ಬನಶಂಕರಿಯ ಬಸ್ಸು ಹಿಡಿದು ಮನೆಗೆ ಹೋದೆ.

ಮೂರು ವಾರ ಕಳೆದ ಮೇಲೆ ಯಡಿಯೂರಿನಿಂದ ಒಂದು ಫೋನು ಬಂತು. ಅಲ್ಲಿ ಕೆರೆಯ ಹತ್ತಿರ ಸಣ್ಣದೊಂದು ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವ ಹಿರಿಯರು. ಎಪ್ಪತ್ತು ದಾಟಿದೆ. ತಾವೇ ಫಾರ್ಮಸಿಸ್ಟ್, ತಾವೇ ಮಾಲೀಕರು. ಸಂಘದ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದವರು ಎಂದಷ್ಟೇ ನನಗೆ ಗೊತ್ತಿತ್ತು. ಗಿರಾಕಿಗಳು ಜಗಳಕ್ಕೆ ಬರುತ್ತಿದ್ದಾರೆ, ಚೀಟಿ ಇಸಿದುಕೊಂಡರೆ ಮುಂದಿನ ತಿಂಗಳು ನಾವೇನು ತೋರಿಸೋಣ ಎಂದು ಕೇಳುತ್ತಿದ್ದಾರೆ, ಅದಕ್ಕೆ ಆದೇಶದಲ್ಲಿ ಏನಾದರೂ ದಾರಿ ಇದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ನಾನು ನನ್ನ ಹಳೆಯ ಸಂದೇಶವನ್ನು ಹುಡುಕಿ ಓದಿದೆ. ಅದರಲ್ಲಿ ‘ಪ್ರತಿ’ ಇರಲಿಲ್ಲ. ಬರ್ತೀನಿ ಸಾರ್, ಅಲ್ಲೇ ಇರಿ ಎಂದು ಆಟೋ ಹತ್ತಿದೆ.

ನನ್ನ ಸಂದೇಶವನ್ನು ಅವರು ಪ್ರಿಂಟ್ ತೆಗೆಸಿ ಕೌಂಟರಿನ ಗಾಜಿಗೆ ಅಂಟಿಸಿದ್ದರು. ‘ಕಡ್ಡಾಯ’ ಎಂಬುದರ ಕೆಳಗೆ ಕೆಂಪು ಗೆರೆ. ಒಳಗಿನಿಂದ ಒಂದು ರಟ್ಟಿನ ಡಬ್ಬಿ ತಂದಿಟ್ಟರು. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಚೀಟಿಗಳು, ಎಲ್ಲವೂ ಅಸಲು, ತಾರೀಖಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಬಹಳಷ್ಟು ಜನ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಕೊಟ್ಟುಹೋಗಿದ್ದರಂತೆ. ಮುಂದಿನ ಸಲ ಇಲ್ಲಿಗೇ ಬನ್ನಿ, ನಾನೇ ಹುಡುಕಿ ಕೊಡ್ತೀನಿ ಎಂದು ಎಲ್ಲರಿಗೂ ಸಮಾಧಾನ ಹೇಳಿದ್ದರು.

ತಪ್ಪು ನನ್ನದು ಎಂದೆ. ಆದೇಶದಲ್ಲಿ ಹಾಗಿಲ್ಲ, ಜೆರಾಕ್ಸ್ ಇಟ್ಟುಕೊಂಡರೆ ಸಾಕು, ನಾನು ಅವಸರದಲ್ಲಿ ಒಂದು ಪದ ಬಿಟ್ಟೆ ಎಂದೆ. ಅವರು ಕನ್ನಡಕ ತೆಗೆದು ಗಾಜಿನ ಮೇಲಿದ್ದ ಹಾಳೆಯನ್ನು ನೋಡಿದರು.

“ನನಗೂ ಅನುಮಾನ ಬಂತಮ್ಮ,” ಎಂದರು. “ಆದ್ರೆ ನೀವು ಬರ್ದಿದ್ದೀರಿ ಅಂದ್ರೆ ಸರಿಯಾಗೇ ಇರುತ್ತೆ ಅಂದ್ಕೊಂಡೆ.”

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅಲ್ಲೇ ನಿಂತು ಗುಂಪಿಗೆ ತಿದ್ದುಪಡಿ ಹಾಕಿದೆ. ಬಿ.ಟಿ.ಎಂ. ಲೇಔಟಿನ ಅಂಗಡಿಯವರೊಬ್ಬರು ಕೂಡಲೇ ಫೋನ್ ಮಾಡಿ, ಯಾರು ಮೇಡಂ ಅಸಲು ಚೀಟಿ ಇಟ್ಕೋತಾರೆ, ನಾವ್ಯಾರೂ ಹಾಗೆ ಮಾಡಿಲ್ಲ, ಬಿಡಿ ಎಂದು ನಕ್ಕರು. ಇನ್ನೂ ಇಬ್ಬರನ್ನು ಕೇಳಿದೆ. ಅವರು ಆ ಸಂದೇಶವನ್ನೇ ನೋಡಿರಲಿಲ್ಲ. ನಾನು ಬರೆದದ್ದನ್ನು ಬರೆದ ಹಾಗೆ ಪಾಲಿಸಿದವರು ಈ ಹಿರಿಯರೊಬ್ಬರೇ ಎಂದು ಕಾಣುತ್ತದೆ.

ರಿಜಿಸ್ಟರಿನಲ್ಲಿ ಫೋನ್ ನಂಬರುಗಳಿದ್ದವು. ಅವರು ಹೇಳುತ್ತಾ ಹೋದರು, ನಾನು ಕರೆ ಮಾಡುತ್ತಾ ಹೋದೆ. ಸಂಜೆಯೊಳಗೆ ಹತ್ತಿರದವರು ಬಂದು ಚೀಟಿ ತೆಗೆದುಕೊಂಡು ಹೋದರು, ದೂರದವರು ಆಮೇಲೆ ಬರುತ್ತೇವೆ ಎಂದರು. ಒಬ್ಬರು ನನ್ನನ್ನು ಇಲಾಖೆಯವಳು ಎಂದುಕೊಂಡು ಸರ್ಕಾರಕ್ಕೆ ಹೇಳಬೇಕಾದದ್ದನ್ನೆಲ್ಲ ನನಗೆ ಹೇಳಿದರು. ನಾನು ಅಲ್ಲ ಎನ್ನಲಿಲ್ಲ. ಕೊನೆಗೆ ಫೋನಿಗೆ ಸಿಗದವರದು ಒಂದು ಚೀಟಿ ಉಳಿಯಿತು. ಸುಬ್ರಹ್ಮಣ್ಯಪುರದ ವಿಳಾಸ, ಫಿಟ್ಸ್‌ಗೆ ಕೊಡುವ ಮಾತ್ರೆ, ಇಪ್ಪತ್ತಾರು ವರ್ಷದ ಹೆಂಗಸಿನ ಹೆಸರು. ಕೊಟ್ಟ ನಂಬರು ಸ್ವಿಚ್ ಆಫ್. ಮಾತ್ರೆ ಕೊಂಡದ್ದು ಅವಳ ತಾಯಿ, ಯಡಿಯೂರಿನಲ್ಲಿ ಎರಡು ಮನೆಗಳಿಗೆ ಅಡುಗೆ ಮಾಡುತ್ತಾರೆ ಎಂದು ಹಿರಿಯರಿಗೆ ಗೊತ್ತಿತ್ತು. ಹದಿನೈದು ದಿನದ ಮಾತ್ರೆ ತೆಗೆದುಕೊಂಡಿದ್ದರು. ಲೆಕ್ಕದ ಪ್ರಕಾರ ಅದು ಹಿಂದಿನ ವಾರವೇ ಮುಗಿದಿರಬೇಕು. ಆ ವಾರ ಹಿರಿಯರು ಹೆಂಡತಿಯ ಕಣ್ಣಿನ ಆಪರೇಷನ್ನಿಗಾಗಿ ಮೂರು ದಿನ ಅಂಗಡಿ ಮುಚ್ಚಿದ್ದರು. ಆಮೇಲೆ ಆಕೆ ಬಂದೇ ಇಲ್ಲ ಎಂದರು.

ಮರುದಿನ ಭಾನುವಾರ. ಇಬ್ಬರೂ ಆಟೋದಲ್ಲಿ ಹೋದೆವು. ಬೇಡ ಸಾರ್, ನಾನೊಬ್ಬಳೇ ಹೋಗಿ ಬರ್ತೀನಿ ಎಂದರೂ ಅವರು ಕೇಳಲಿಲ್ಲ. ಮನೆ ಸಿಗುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಒಂದೇ ಕೋಣೆ, ಹಿಂದೆ ಸಣ್ಣ ಅಡುಗೆಮನೆ. ಮಗಳು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಎಡಹುಬ್ಬಿನ ಮೇಲೆ ಪ್ಲಾಸ್ಟರು.

ನಾವು ಕೇಳುವ ಮೊದಲೇ ತಾಯಿ ನಡೆದದ್ದನ್ನು ಹೇಳಿದರು. ಮಾತ್ರೆ ಮುಗಿದ ದಿನ ಅಂಗಡಿಗೆ ಹೋದರೆ ಬೀಗ. ಬೇರೆ ಎರಡು ಅಂಗಡಿಗಳಲ್ಲಿ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರು. ಆ ಅಂಗಡಿಯವರು ಮಾಡಿದ್ದು ಸರಿಯೇ, ಚೀಟಿ ಇಲ್ಲದೆ ಕೊಡಬೇಡಿ ಎಂದು ನಾನೇ ಬರೆದು ಕಳಿಸುತ್ತೇನೆ. ಆಕೆಯದು ಬಟನ್ ಫೋನು, ಫೋಟೋ ಇರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಮಂಗಳವಾರ ಸಿಗುತ್ತಾರೆ ಎಂದರಂತೆ. ಸೋಮವಾರ ಬೆಳಿಗ್ಗೆ ಮಗಳು ಬಚ್ಚಲಿನ ಹತ್ತಿರ ಬಿದ್ದಳು. ಹುಬ್ಬಿಗೆ ನಾಲ್ಕು ಹೊಲಿಗೆ. ಅಲ್ಲಿಯವರೆಗೆ ಒಂದು ವರ್ಷ ಫಿಟ್ಸ್ ಬಂದಿರಲಿಲ್ಲ.

ನಾನು ನನ್ನ ತಪ್ಪನ್ನು ಮತ್ತೊಮ್ಮೆ ಹೇಳಿದೆ. ಸುತ್ತೋಲೆ, ಸಂಘ, ಬಿಟ್ಟುಹೋದ ಪದ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಅರ್ಥವಿಲ್ಲದ್ದಾಗಿ ಕೇಳಿಸಿತು. ಆಕೆ ಚೀಟಿ ತೆಗೆದುಕೊಂಡು, ಮಡಚಿದ್ದನ್ನು ಬಿಚ್ಚಿ, ಅದೇ ಹೌದೇ ಎಂದು ನೋಡಿದರು.

“ಆಸ್ಪತ್ರೇಲಿ ಹೊಸದು ಬರ್ಸ್ಕೊಂಡಿದ್ದೀನಿ ಮೇಡಂ,” ಎಂದರು. “ಇದೂ ಇರ್ಲಿ ಬಿಡಿ. ಯಾರು ಯಾವಾಗ ಏನು ಕೇಳ್ತಾರೋ.”

ಹಿರಿಯರು ಮಗಳ ಹುಬ್ಬನ್ನೇ ನೋಡುತ್ತಿದ್ದರು. ಹೊರಡುವಾಗ, ಹೊಲಿಗೆ ಬಿಚ್ಚಿಸೋದು ಯಾವತ್ತು ಎಂದು ಅವಳನ್ನೇ ಕೇಳಿದರು. ಶುಕ್ರವಾರ ಅಂಕಲ್ ಎಂದಳು. ಅವಳಿಗೆ ನಮ್ಮ ಮೇಲೆ ಸಿಟ್ಟಿದ್ದ ಹಾಗೆ ಕಾಣಲಿಲ್ಲ. ತಾಯಿಗೆ ಇತ್ತು. ತೋರಿಸುವುದಕ್ಕೆ ಆಕೆಗೆ ಪುರುಸೊತ್ತಿರಲಿಲ್ಲ, ಕುಕ್ಕರು ಕೂಗುತ್ತಿತ್ತು.

ವಾಪಸ್ ಬರುವಾಗ ಹಿರಿಯರು ಹೇಳಿದ್ದು ಒಂದೇ ಮಾತು, ಅಂಗಡಿ ಮುಚ್ಚೋ ಮುಂಚೆ ಬಾಗಿಲ ಮೇಲೆ ನನ್ನ ನಂಬರ್ ಬರೆದು ಹೋಗ್ಬೇಕಿತ್ತು ಎಂದು. ತಪ್ಪಿನಲ್ಲಿ ತಮ್ಮದೂ ಒಂದು ಪಾಲು ಹುಡುಕಿಕೊಂಡಿದ್ದರು.

ಆ ತಾಯಿ ಮತ್ತೆ ಅವರ ಅಂಗಡಿಗೆ ಹೋಗಲಿಲ್ಲ. ಸಂಘದಲ್ಲಿ, ಕಳಿಸುವ ಮೊದಲು ಇನ್ನೊಬ್ಬರು ಓದುವ ಏರ್ಪಾಡು ಬೇಕು ಎಂದು ಕೇಳಿದೆ. ಯಾರಿಗೂ ಸಮಯವಿಲ್ಲ ಎಂಬ ಉತ್ತರ ಬಂತು. ಕೆಲಸ ಬಿಡೋಣ ಎಂದು ಒಂದು ತಿಂಗಳು ಯೋಚಿಸಿದೆ. ಬಿಟ್ಟು ಕೂರುವ ಸ್ಥಿತಿಯಲ್ಲಿ ಮನೆ ಇರಲಿಲ್ಲ.

ಈಗ ಯಾವುದೇ ಸುತ್ತೋಲೆ ಬಂದರೂ ನಾನು ಬರೆದದ್ದನ್ನು ಮೊದಲು ಯಡಿಯೂರಿಗೆ ಫೋನ್ ಮಾಡಿ ಓದುತ್ತೇನೆ. ಹಿರಿಯರು ನಡುನಡುವೆ ತಡೆಯುತ್ತಾರೆ. ಮೊನ್ನೆ, ‘ಸಂಬಂಧಪಟ್ಟವರು ಕ್ರಮ ಕೈಗೊಳ್ಳತಕ್ಕದ್ದು’ ಎಂದು ಓದಿದೆ.

“ಸಂಬಂಧಪಟ್ಟವರು ಅಂದ್ರೆ ಯಾರಮ್ಮ? ನಾನಾ, ಇಲಾಖೆಯವರಾ?”

ಅದು ಮೂಲದಲ್ಲೂ ಸ್ಪಷ್ಟವಿರಲಿಲ್ಲ. ಇಲಾಖೆಗೆ ಫೋನ್ ಮಾಡಿ ಕೇಳ್ತೀನಿ ಸಾರ್ ಎಂದೆ. ಅಷ್ಟರಲ್ಲಿ ಅವರ ಅಂಗಡಿಗೆ ಯಾರೋ ಕೆಮ್ಮಿನ ಔಷಧಿ ಕೇಳಿಕೊಂಡು ಬಂದರು. ಒಂದು ನಿಮಿಷ ಎಂದು ಫೋನನ್ನು ಕೌಂಟರಿನ ಮೇಲೆ ಇಟ್ಟರು. ಎಷ್ಟು ದಿನದಿಂದ ಕೆಮ್ಮು, ಕಫ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ ಎಂದು ಅವರು ಒಂದೊಂದಾಗಿ ಕೇಳುವುದನ್ನು ಕೇಳಿಸಿಕೊಳ್ಳುತ್ತಾ ನಾನು ಲೈನಿನಲ್ಲೇ ಕಾದೆ.